ಒಂದೇ ಹಡಗಿನಲ್ಲಿ ಸಾಲು ಪ್ರಯಾಣ: ಒಂದು ವಾಣಿಜ್ಯ ಪಾಠ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳಲ್ಲಿ ಎಲ್ಲಿಯೂ ಸಮುದ್ರವಿಲ್ಲ. ಕನಕಪುರದ ಕಡೆ ಸಂಗಮಕ್ಕೆ ಹೋದವರು ಮೇಕೆದಾಟು ನೋಡಲು ಹರಿಗೋಲಿನಲ್ಲಿ ಹೊಳೆ ದಾಟಿರುತ್ತಾರೆ. ನಮ್ಮಲ್ಲಿ ಹೆಚ್ಚಿನವರ ಜಲಯಾನ ಅಷ್ಟೇ. ಹಾಗಿದ್ದರೂ ಈ ಬಾರಿ ನಾನು ಹಡಗಿನ ಬಗ್ಗೆ ಪಾಠ ಬರೆಯುತ್ತಿದ್ದೇನೆ. ಅದಕ್ಕೆ ಎರಡು ಕಾರಣಗಳಿವೆ. ಒಂದು, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಮತ್ತು ಅರ್ಥಶಾಸ್ತ್ರದಲ್ಲಿ ನಾವು ಓದುವ ಅನೇಕ ವಿಷಯಗಳು ಒಂದು ಪ್ರವಾಸಿ ಹಡಗಿನಲ್ಲಿ ಒಟ್ಟಿಗೆ ಸಿಗುತ್ತವೆ. ಎರಡನೆಯ ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ. ಅದು ನಮ್ಮ ಮನೆಯದು.

ನಮ್ಮ ಮನೆಯ ಮಾತು ಉರ್ದು. ಕನ್ನಡದಲ್ಲಿ ತಪ್ಪಿದ್ದರೆ ತಿದ್ದಿ ಹೇಳಿ.

1. ಸಾಲು ಪ್ರಯಾಣ ಎಂದರೇನು?

ಕ್ರೂಸ್ ಎಂದರೆ ಹಡಗಿನಲ್ಲಿ ಮಾಡುವ ಪ್ರವಾಸ. ಬಸ್ಸಿನಲ್ಲಿ ನಾವು ಒಂದು ಊರು ತಲುಪಲು ಹೋಗುತ್ತೇವೆ. ಕ್ರೂಸ್‌ನಲ್ಲಿ ಹಡಗಿನಲ್ಲಿ ಇರುವುದೇ ಪ್ರವಾಸ. ಊಟ, ಮಲಗುವ ಕೋಣೆ, ಆಟ ಎಲ್ಲವೂ ಅದರೊಳಗೇ. ಹಡಗು ಮೂರು ರಾತ್ರಿ, ಐದು ರಾತ್ರಿ ಅಥವಾ ಏಳು ರಾತ್ರಿ ಸುತ್ತಿ, ಸಾಮಾನ್ಯವಾಗಿ ಹೊರಟ ಬಂದರಿಗೇ ವಾಪಸ್ ಬರುತ್ತದೆ. ಅಲ್ಲಿ ಹಳೆಯ ಪ್ರಯಾಣಿಕರು ಇಳಿಯುತ್ತಾರೆ, ಹೊಸಬರು ಹತ್ತುತ್ತಾರೆ, ಅದೇ ದಿನ ಸಂಜೆ ಹಡಗು ಮತ್ತೆ ಹೊರಡುತ್ತದೆ.

ಕೆಲವು ಪ್ರಯಾಣಿಕರು ಮಾತ್ರ ಇಳಿಯುವುದಿಲ್ಲ. ಮೊದಲ ಪ್ರಯಾಣ ಮುಗಿದ ದಿನವೇ ಅದೇ ಹಡಗಿನ ಮುಂದಿನ ಪ್ರಯಾಣಕ್ಕೂ ಟಿಕೆಟ್ ಪಡೆದಿರುತ್ತಾರೆ. ಇದಕ್ಕೆ ‘ಬ್ಯಾಕ್ ಟು ಬ್ಯಾಕ್’ ಎನ್ನುತ್ತಾರೆ. ನಾನು ‘ಸಾಲು ಪ್ರಯಾಣ’ ಎಂದು ಕರೆದಿದ್ದೇನೆ. ಒಂದು ಪ್ರಯಾಣ ಮುಗಿಸಿ ಅದೇ ಬಂದರಿನಲ್ಲಿ ಬೇರೆ ಹಡಗು ಹತ್ತಿದರೆ ಅದು ಸಾಲು ಪ್ರಯಾಣ ಆಗುವುದಿಲ್ಲ. ಈ ವ್ಯತ್ಯಾಸ ಸಣ್ಣದು ಅನ್ನಿಸಬಹುದು. ಕಾನೂನಿನಲ್ಲಿ ಅದು ಎಷ್ಟು ದೊಡ್ಡದು ಎಂಬುದನ್ನು ನಾಲ್ಕನೆಯ ಭಾಗದಲ್ಲಿ ನೋಡೋಣ.

ನಮ್ಮ ದೇಶದಲ್ಲೂ ಇದು ಸಾಧ್ಯ. 2021ರ ಸೆಪ್ಟೆಂಬರ್‌ನಿಂದ ಕಾರ್ಡೀಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು ಮುಂಬೈಯಿಂದ ಗೋವಾ, ಲಕ್ಷದ್ವೀಪ, ಕೊಚ್ಚಿಯ ಕಡೆಗೆ ಇಂಥ ಸಣ್ಣ ಪ್ರಯಾಣಗಳನ್ನು ನಡೆಸಿದೆ. ಈ ಹಡಗು 1990ರಲ್ಲಿ ಬೇರೆ ಕಂಪನಿಗಾಗಿ ಕಟ್ಟಿದ್ದು, ಆಮೇಲೆ ಇಲ್ಲಿಗೆ ಬಂತು. ಮಂಗಳೂರಿನ ಪಣಂಬೂರಿನಲ್ಲಿರುವ ನವಮಂಗಳೂರು ಬಂದರಿಗೂ ಮಳೆಗಾಲ ಕಳೆದ ಮೇಲೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಬೆಳಿಗ್ಗೆ ಬಂದು, ಪ್ರಯಾಣಿಕರು ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಸಂಜೆ ಹೊರಡುತ್ತಾರೆ. ಮಂಗಳೂರು ಅವರಿಗೆ ದಾರಿಯ ನಿಲ್ದಾಣ. ಮುಂಬೈಯಂಥ ಬಂದರು ಪ್ರಯಾಣ ಮುಗಿಯುವ ಮತ್ತು ಶುರುವಾಗುವ ಜಾಗ. ಸಾಲು ಪ್ರಯಾಣದ ಕಥೆ ನಡೆಯುವುದು ಈ ಎರಡನೆಯ ರೀತಿಯ ಬಂದರಿನಲ್ಲಿ.

2. ಗೊಂಬೆ, ರೇಷ್ಮೆಗೂಡು ಮತ್ತು ಖಾಲಿ ಕೋಣೆ

ಕಂಪನಿಗಳು ಸಾಲು ಪ್ರಯಾಣಿಕರನ್ನು ಏಕೆ ಇಷ್ಟಪಡುತ್ತವೆ? ಇದನ್ನು ನಮ್ಮ ಊರಿನಿಂದಲೇ ಅರ್ಥ ಮಾಡಿಕೊಳ್ಳಬಹುದು.

ಚನ್ನಪಟ್ಟಣದ ಗೊಂಬೆ ನೋಡಿ. ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಾಕಿ ಮಾಡಿದ ಗೊಂಬೆ ಇವತ್ತು ಮಾರಾಟವಾಗದಿದ್ದರೆ ನಾಳೆ ಮಾರಾಟವಾಗುತ್ತದೆ. ಆರು ತಿಂಗಳು ಅಂಗಡಿಯಲ್ಲಿ ಕುಳಿತರೂ ಅದು ಗೊಂಬೆಯೇ. ವರ್ಷದ ಕೊನೆಯಲ್ಲಿ ಅದನ್ನು ‘ಅಂತಿಮ ದಾಸ್ತಾನು’ ಎಂದು ಬರೆಯುತ್ತೇವೆ.

ರಾಮನಗರದ ರೇಷ್ಮೆಗೂಡು ಹಾಗಲ್ಲ. ಹುಳು ಗೂಡು ಕಟ್ಟಿ ಸುಮಾರು ಹತ್ತು ಹನ್ನೆರಡು ದಿನಗಳಲ್ಲಿ ಪತಂಗವಾಗಿ ಗೂಡು ತೂತು ಮಾಡಿ ಹೊರಬರುತ್ತದೆ. ಆಮೇಲೆ ಆ ಗೂಡಿನಿಂದ ಉದ್ದ ನೂಲು ಬರುವುದಿಲ್ಲ. ಅದಕ್ಕೇ ರೈತರು ಗೂಡು ಬಿಡಿಸಿದ ಕೂಡಲೇ ರಾತ್ರಿಯೇ ಹೊರಟು ಮಾರುಕಟ್ಟೆಗೆ ಬರುತ್ತಾರೆ. ಬೆಲೆ ಕಡಿಮೆ ಎಂದು ಎರಡು ವಾರ ಕಾಯಲು ಆಗುವುದಿಲ್ಲ.

ಹಡಗಿನ ಕೋಣೆ ಗೂಡಿಗಿಂತ ಬೇಗ ಹಾಳಾಗುವ ಸರಕು. ಹಡಗು ಬಂದರು ಬಿಟ್ಟ ನಿಮಿಷಕ್ಕೆ ಖಾಲಿ ಕೋಣೆಯ ಆ ವಾರದ ಬೆಲೆ ಸೊನ್ನೆ. ಅದನ್ನು ದಾಸ್ತಾನು ಇಡಲಾಗದು. ಬಸ್ಸಿನ ಸೀಟು, ಸಿನಿಮಾ ಟಿಕೆಟ್, ಹೋಟೆಲ್ ರೂಮು ಎಲ್ಲವೂ ಈ ಜಾತಿಯವೇ. ಸೇವೆಯ ಲಕ್ಷಣಗಳಲ್ಲಿ ‘ದಾಸ್ತಾನು ಮಾಡಲಾಗದು’ ಎಂದು ನಾವು ಪಠ್ಯದಲ್ಲಿ ಓದಿದ್ದು ಇದೇ.

ಈಗ ಒಂದು ಲೆಕ್ಕ. ಅಂಕಿಗಳು ನಾನು ಪಾಠಕ್ಕಾಗಿ ಊಹಿಸಿದವು.

ಒಂದು ಹಡಗಿನಲ್ಲಿ 1,000 ಕೋಣೆಗಳಿವೆ. ಒಂದು ಪ್ರಯಾಣದ ಸ್ಥಿರ ವೆಚ್ಚ (ಇಂಧನ, ಬಂದರು ಶುಲ್ಕ, ಸಂಬಳ, ವಿಮೆ) 4,00,00,000 ರೂ. ಒಂದು ಕೋಣೆಯ ಬದಲಾಗುವ ವೆಚ್ಚ (ಊಟ, ಬಟ್ಟೆ ಒಗೆತ, ಏಜೆಂಟರ ಕಮಿಷನ್) 15,000 ರೂ. ಒಂದು ಕೋಣೆಯ ದರ 60,000 ರೂ.

ಒಂದು ಕೋಣೆಯ ಕೊಡುಗೆ = 60,000 − 15,000 = 45,000 ರೂ.
ಸಮತೂಕ ಬಿಂದು = 4,00,00,000 ÷ 45,000 = 888.9, ಅಂದರೆ 889 ಕೋಣೆ.

ನೋಡಿ, 1,000 ಕೋಣೆಯಲ್ಲಿ 889 ತುಂಬುವವರೆಗೂ ಕಂಪನಿಗೆ ಒಂದು ರೂಪಾಯಿ ಲಾಭವಿಲ್ಲ. 900 ತುಂಬಿದರೆ ಲಾಭ 5,00,000 ರೂ. ಮಾತ್ರ. ಉಳಿದ 100 ಕೋಣೆಗಳಲ್ಲಿಯೇ ನಿಜವಾದ ಲಾಭ ಅಡಗಿದೆ.

ಈಗ ಹಡಗಿನಲ್ಲಿ ಈಗಾಗಲೇ ಇರುವ ಒಬ್ಬ ಪ್ರಯಾಣಿಕರು, ‘ಶೇ. 20 ರಿಯಾಯಿತಿ ಕೊಟ್ಟರೆ ಮುಂದಿನ ಪ್ರಯಾಣಕ್ಕೂ ಉಳಿಯುತ್ತೇನೆ’ ಎನ್ನುತ್ತಾರೆ ಎಂದುಕೊಳ್ಳಿ. ದರ 48,000 ರೂ. ಹಡಗಿನಲ್ಲೇ ಬುಕ್ ಮಾಡಿದ್ದರಿಂದ ಕಮಿಷನ್ 6,000 ಉಳಿದು, ಬದಲಾಗುವ ವೆಚ್ಚ 9,000 ರೂ. ಕೊಡುಗೆ 39,000 ರೂ. ಆ ಕೋಣೆ ಖಾಲಿ ಹೋಗುವುದಿದ್ದರೆ ಕಂಪನಿಗೆ 39,000 ರೂ. ಪೂರ್ತಿ ಲಾಭ. ಆದರೆ ಮುಂದಿನ ಪ್ರಯಾಣ ಹೇಗೂ ತುಂಬುವುದಿದ್ದರೆ, 45,000 ಬರುವ ಜಾಗದಲ್ಲಿ 39,000 ಬಂದು 6,000 ರೂ. ನಷ್ಟ. ಇದೇ ಅವಕಾಶ ವೆಚ್ಚ. ಆದ್ದರಿಂದ ಸಾಲು ಪ್ರಯಾಣಕ್ಕೆ ಎಲ್ಲ ಕಾಲದಲ್ಲೂ ರಿಯಾಯಿತಿ ಸಿಗುತ್ತದೆ ಎಂದು ತಿಳಿಯಬಾರದು. ರಜೆಯ ದಿನಗಳಲ್ಲಿ ಸಿಗುವುದು ಕಷ್ಟ.

ಪ್ರಯಾಣಿಕರ ಕಡೆಯ ಲೆಕ್ಕವನ್ನೂ ನೋಡೋಣ. ರಾಮನಗರದಿಂದ ಮುಂಬೈಗೆ ಹೋಗಿಬರುವ ಖರ್ಚು 12,000 ಎಂದಿಟ್ಟುಕೊಳ್ಳಿ. ಬೇರೆ ಬೇರೆ ಸಮಯದಲ್ಲಿ ಎರಡು ಸಲ ಹೋದರೆ 72,000 × 2 = 1,44,000 ರೂ. ಸಾಲಾಗಿ ಹೋದರೆ 60,000 + 48,000 + 12,000 = 1,20,000 ರೂ. ಉಳಿತಾಯ 24,000, ಅಂದರೆ ಆರರಲ್ಲಿ ಒಂದು ಪಾಲು. ಇದರಲ್ಲಿ ಅರ್ಧ ಉಳಿದದ್ದು ರಿಯಾಯಿತಿಯಿಂದಲ್ಲ, ದಾರಿ ಖರ್ಚು ಒಂದೇ ಸಲ ಆದದ್ದರಿಂದ.

ಆದರೆ ಇಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ಕೈ ಎತ್ತುತ್ತಾರೆ: ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ! ಎರಡನೆಯ ವಾರವೂ ಅದೇ ಬಂದರು, ಅದೇ ನಾಟಕ, ಅದೇ ಊಟದ ಪಟ್ಟಿ. ಎರಡನೆಯ ತಟ್ಟೆ ಬಿರಿಯಾನಿ ಮೊದಲನೆಯದರಷ್ಟು ರುಚಿಸುವುದಿಲ್ಲ. ಇದಕ್ಕೆ ಕಂಪನಿಗಳು ಕಂಡುಕೊಂಡ ಉಪಾಯವೆಂದರೆ ಒಂದು ವಾರ ಪೂರ್ವ ಕೆರಿಬಿಯನ್, ಇನ್ನೊಂದು ವಾರ ಪಶ್ಚಿಮ ಕೆರಿಬಿಯನ್ ಹೀಗೆ ದಾರಿ ಬದಲಿಸುವುದು. ಆಗ ಸಾಲು ಪ್ರಯಾಣಿಕರಿಗೆ ಎರಡನೆಯ ವಾರವೂ ಹೊಸದು.

3. ತಿರುವಿನ ದಿನ ಏನಾಗುತ್ತದೆ?

ಒಂದು ಪ್ರಯಾಣ ಮುಗಿದು ಇನ್ನೊಂದು ಶುರುವಾಗುವ ದಿನಕ್ಕೆ ‘ಟರ್ನ್‌ಅರೌಂಡ್ ಡೇ’ ಎನ್ನುತ್ತಾರೆ. ಅದರ ಹಂತಗಳು ಹೀಗಿವೆ.

(ಅ) ಬೆಳಗಿನ ಜಾವ ಹಡಗು ಬಂದರಿಗೆ ಕಟ್ಟುತ್ತದೆ. ಇಳಿಯುವವರು ಉಪಾಹಾರ ಮುಗಿಸಿ ಇಳಿಯುತ್ತಾರೆ.

(ಆ) ಸಾಲು ಪ್ರಯಾಣಿಕರನ್ನು ಒಂದು ಕಡೆ ಸೇರಿಸುತ್ತಾರೆ. ಅವರಿಗೆ ‘ಇನ್ ಟ್ರಾನ್ಸಿಟ್’ ಎಂಬ ಚೀಟಿ ಅಥವಾ ಕಾರ್ಡು ಕೊಡುತ್ತಾರೆ. ಅಮೆರಿಕದ ಬಂದರುಗಳಲ್ಲಿ ವಲಸೆ ಅಧಿಕಾರಿಗಳಿಗೆ ಹಳೆಯ ಪ್ರಯಾಣದ ಪ್ರಯಾಣಿಕರ ಸಂಖ್ಯೆ ಸೊನ್ನೆಗೆ ಬಂದದ್ದು ಕಾಣಬೇಕು. ಹಾಗಾಗಿ ಸಾಲು ಪ್ರಯಾಣಿಕರು ಕೂಡ ಗುಂಪಾಗಿ ಇಳಿದು, ಪಾಸ್‌ಪೋರ್ಟ್ ತೋರಿಸಿ, ಸ್ವಲ್ಪ ಹೊತ್ತು ಕಾದು ಮತ್ತೆ ಹತ್ತುತ್ತಾರೆ. ಸಾಮಾನು ಕೋಣೆಯಲ್ಲೇ ಇರುತ್ತದೆ. ಎರಡನೆಯ ಪ್ರಯಾಣಕ್ಕೆ ಬೇರೆ ಕೋಣೆ ಸಿಕ್ಕಿದ್ದರೆ ಸಿಬ್ಬಂದಿ ಸಾಮಾನು ಸಾಗಿಸುತ್ತಾರೆ.

(ಇ) ಮೊದಲ ಪ್ರಯಾಣದ ಬಿಲ್ಲು ಮುಚ್ಚಿ, ಎರಡನೆಯದಕ್ಕೆ ಹೊಸ ಖಾತೆ, ಹೊಸ ಕೀ ಕಾರ್ಡ್ ಕೊಡುತ್ತಾರೆ.

(ಈ) ಅದೇ ಹೊತ್ತಿನಲ್ಲಿ ಸಾವಿರಾರು ಹಾಸಿಗೆ ಹೊದಿಕೆ, ಟವೆಲ್ ಬದಲಾಗುತ್ತವೆ. ತರಕಾರಿ, ಹಾಲು, ಇಂಧನ ಹತ್ತುತ್ತವೆ, ಕಸ ಇಳಿಯುತ್ತದೆ.

(ಉ) ಮಧ್ಯಾಹ್ನ ಹೊಸಬರು ಹತ್ತುತ್ತಾರೆ. ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಸುರಕ್ಷತಾ ಅಭ್ಯಾಸ ನಡೆಯಲೇಬೇಕು. 2012ರ ಜನವರಿ 13ರಂದು ಇಟಲಿಯ ಬಳಿ ‘ಕೋಸ್ಟಾ ಕಾಂಕೋರ್ಡಿಯಾ’ ಹಡಗು ಬಂಡೆಗೆ ತಾಗಿ 32 ಜನ ಸತ್ತರು. ಆ ದಿನವಷ್ಟೇ ಹತ್ತಿದ್ದ ಅನೇಕರಿಗೆ ಸುರಕ್ಷತಾ ಅಭ್ಯಾಸ ಇನ್ನೂ ಆಗಿರಲಿಲ್ಲ. ಅದಕ್ಕೂ ಮುಂಚೆ ಅಭ್ಯಾಸಕ್ಕೆ 24 ಗಂಟೆಯ ಅವಕಾಶವಿತ್ತು. ಅಂತರರಾಷ್ಟ್ರೀಯ ನಿಯಮ ತಿದ್ದುಪಡಿಯಾಗಿ 2015ರ ಜನವರಿ 1ರಿಂದ ಆ ಅವಕಾಶ ಹೋಯಿತು. ಹಲವು ಹಡಗುಗಳಲ್ಲಿ ಸಾಲು ಪ್ರಯಾಣಿಕರೂ ಇದನ್ನು ಪ್ರತಿ ಪ್ರಯಾಣದಲ್ಲಿ ಮತ್ತೆ ಮಾಡುತ್ತಾರೆ.

ಮೂರನೆಯ ಹಂತವನ್ನು ಲೆಕ್ಕಶಾಸ್ತ್ರದ ವಿದ್ಯಾರ್ಥಿಗಳು ಮತ್ತೊಮ್ಮೆ ಓದಬೇಕು. ಪ್ರಯಾಣಿಕರು ಅವರೇ, ಕೋಣೆ ಅದೇ, ಹಡಗು ಅದೇ. ಆದರೂ ಖಾತೆ ಏಕೆ ಮುಚ್ಚಬೇಕು? ಇದು ‘ಲೆಕ್ಕಪತ್ರ ಅವಧಿ’ಯ ಕಲ್ಪನೆ. ವ್ಯವಹಾರ ನಿಲ್ಲದೆ ಸಾಗುತ್ತದೆ, ಆದರೆ ಲಾಭ ನಷ್ಟ ತಿಳಿಯಲು ಎಲ್ಲಾದರೂ ಒಂದು ಗೆರೆ ಎಳೆಯಬೇಕು. ನಾವು ಮಾರ್ಚ್ 31ಕ್ಕೆ ಎಳೆಯುತ್ತೇವೆ. ಹಡಗಿನವರು ಬಂದರಿನಲ್ಲಿ ಎಳೆಯುತ್ತಾರೆ.

ಇದು ಹಳೆಯ ಪದ್ಧತಿ. 1600ರ ಡಿಸೆಂಬರ್ 31ರಂದು ಹುಟ್ಟಿದ ಈಸ್ಟ್ ಇಂಡಿಯಾ ಕಂಪನಿ ಮೊದಲಲ್ಲಿ ಪ್ರತಿ ಯಾತ್ರೆಗೂ ಬೇರೆ ಬೇರೆ ಬಂಡವಾಳ ಎತ್ತುತ್ತಿತ್ತು. ಯಾತ್ರೆ ಮುಗಿದ ಮೇಲೆ ಸರಕು ಮಾರಿ, ಹಣ ಹಂಚಿ, ಲೆಕ್ಕ ಮುಚ್ಚುವುದು ಪದ್ಧತಿ. 1601ರಲ್ಲಿ ಲ್ಯಾಂಕಾಸ್ಟರ್ ನಾಲ್ಕು ಹಡಗುಗಳಲ್ಲಿ ಹೊರಟ: ರೆಡ್ ಡ್ರ್ಯಾಗನ್, ಹೆಕ್ಟರ್, ಅಸೆನ್ಷನ್, ಸುಸಾನ್. 1603ರಲ್ಲಿ ಮೆಣಸು ತುಂಬಿ ವಾಪಸ್ ಬಂದ. 1604ರಲ್ಲಿ ಮಿಡಲ್ಟನ್ ಎಂಬಾತ ಅದೇ ನಾಲ್ಕು ಹಡಗುಗಳಲ್ಲಿ ಎರಡನೆಯ ಯಾತ್ರೆ ಹೊರಟ. ಆದರೆ ಮೊದಲ ಯಾತ್ರೆಯ ಮೆಣಸು ಲಂಡನ್ನಿನಲ್ಲಿ ಬೇಗ ಮಾರಾಟವಾಗಲಿಲ್ಲ. ಲೆಕ್ಕ ಮುಚ್ಚಲಾಗದೆ ಕೊನೆಗೆ ಎರಡು ಯಾತ್ರೆಗಳ ಲೆಕ್ಕವನ್ನು ಸೇರಿಸಬೇಕಾಯಿತು. ಯಾತ್ರೆಗೊಂದು ಲೆಕ್ಕ ಎಂಬ ಪದ್ಧತಿಯ ತೊಂದರೆ ಹೀಗೆ ಗೊತ್ತಾಗಿ, 1657ರಲ್ಲಿ ಕಂಪನಿಗೆ ಶಾಶ್ವತ ಬಂಡವಾಳ ಬಂತು. ನಾವು ‘ನಿರಂತರತೆಯ ಪರಿಕಲ್ಪನೆ’ ಎಂದು ಒಂದು ಅಂಕದ ಪ್ರಶ್ನೆಗೆ ಉತ್ತರ ಬರೆಯುತ್ತೇವಲ್ಲ, ಅದರ ಹಿಂದೆ ಇಷ್ಟು ಮೆಣಸು ಇದೆ.

4. ಕಾನೂನು: ಎರಡು ಟಿಕೆಟ್, ಒಂದು ಪ್ರಯಾಣ

ಅಮೆರಿಕದಲ್ಲಿ 1886ರ ಒಂದು ಪ್ರಯಾಣಿಕ ಹಡಗು ಕಾಯಿದೆ ಇದೆ. ಅದರ ಪ್ರಕಾರ ವಿದೇಶಿ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಪ್ರಯಾಣಿಕರನ್ನು ಹತ್ತಿಸಿಕೊಂಡು ಅಮೆರಿಕದ ಇನ್ನೊಂದು ಬಂದರಿನಲ್ಲಿ ಇಳಿಸುವಂತಿಲ್ಲ. ನಡುವೆ ‘ದೂರದ ವಿದೇಶಿ ಬಂದರು’ ಒಂದಕ್ಕೆ ಹೋಗಿದ್ದರೆ ಮಾತ್ರ ಅವಕಾಶ. ಕೆನಡಾ, ಮೆಕ್ಸಿಕೊ ದೂರದವು ಅಲ್ಲ.

ಒಬ್ಬರು ಲಾಸ್ ಏಂಜಲೀಸ್‌ನಿಂದ ಕೆನಡಾದ ವ್ಯಾಂಕೋವರ್‌ಗೆ ಒಂದು ಕ್ರೂಸ್ ಹೋಗುತ್ತಾರೆ. ತಪ್ಪಿಲ್ಲ. ವ್ಯಾಂಕೋವರ್‌ನಿಂದ ಅಲಾಸ್ಕಾದ ಸೂವರ್ಡ್‌ಗೆ ಇನ್ನೊಂದು ಕ್ರೂಸ್. ಅದೂ ತಪ್ಪಿಲ್ಲ. ಆದರೆ ಒಂದೇ ಹಡಗಿನಲ್ಲಿ ಎರಡನ್ನೂ ಸಾಲಾಗಿ ಮಾಡಿದರೆ ಕಾನೂನು ಅದನ್ನು ಲಾಸ್ ಏಂಜಲೀಸ್‌ನಿಂದ ಸೂವರ್ಡ್‌ಗೆ ಒಂದೇ ಪ್ರಯಾಣ ಎಂದು ನೋಡುತ್ತದೆ. ತಪ್ಪು! ಹಿಂದೆ ಒಬ್ಬ ಪ್ರಯಾಣಿಕರಿಗೆ 200 ಡಾಲರ್ ಇದ್ದ ದಂಡ ಹಣದುಬ್ಬರದ ಜೊತೆ ಈಗ ಬಹಳ ಏರಿದೆ. ವ್ಯಾಂಕೋವರ್‌ನಲ್ಲಿ ಇಳಿದು ಬೇರೆ ಹಡಗು ಹತ್ತಿದರೆ ತೊಂದರೆಯಿಲ್ಲ. ಮಯಾಮಿಯಿಂದ ಹೊರಟು ಮಯಾಮಿಗೇ ಬರುವ ಎರಡು ಸುತ್ತು ಸಾಲಾಗಿ ಮಾಡಿದರೂ ತೊಂದರೆಯಿಲ್ಲ. ಕಾಗದದಲ್ಲಿ ಎರಡು ಒಪ್ಪಂದಗಳಿದ್ದರೂ ಕಾನೂನು ನಡೆದದ್ದನ್ನು ನೋಡುತ್ತದೆ, ಟಿಕೆಟ್ಟಿನ ಸಂಖ್ಯೆಯನ್ನಲ್ಲ. ಸ್ವದೇಶಿ ಹಡಗುಗಳನ್ನು ಕಾಪಾಡುವುದು ಇದರ ಉದ್ದೇಶ. ಭಾರತದಲ್ಲೂ 1958ರ ವಾಣಿಜ್ಯ ನೌಕಾ ಕಾಯಿದೆಯ 407ನೆಯ ಕಲಮು ಕರಾವಳಿ ವ್ಯಾಪಾರಕ್ಕೆ ಪರವಾನಗಿ ಬೇಕೆಂದು ಹೇಳಿತ್ತು.

ಭಾರತೀಯ ಪಾಸ್‌ಪೋರ್ಟ್ ಇದ್ದವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಗ್ರೀಸ್‌ನಿಂದ ಹೊರಟು ಟರ್ಕಿ ನೋಡಿ ಗ್ರೀಸ್‌ಗೆ ವಾಪಸ್ ಬರುವ ಕ್ರೂಸ್ ಎಂದುಕೊಳ್ಳಿ. ಗ್ರೀಸ್ ಷೆಂಗೆನ್ ಗುಂಪಿನಲ್ಲಿದೆ, ಟರ್ಕಿ ಇಲ್ಲ. ಎರಡು ಸಾಲು ಪ್ರಯಾಣ ಮಾಡಿದರೆ ಷೆಂಗೆನ್ ಪ್ರದೇಶವನ್ನು ಮೂರು ಸಲ ಪ್ರವೇಶಿಸಿದಂತೆ. ಒಂದೇ ಪ್ರವೇಶದ ವೀಸಾ ಸಾಕಾಗುವುದಿಲ್ಲ. 180 ದಿನಗಳಲ್ಲಿ 90 ದಿನ ಮಾತ್ರ ಎಂಬ ಮಿತಿಯೂ ಇದೆ.

5. ನಾನಿಯ ಅಬ್ಬಾ ಹತ್ತಿದ ಹಡಗು

ಈ ಪಾಠ ಓದಿ ಹೇಳಿದಾಗ ನನ್ನ ನಾನಿ, ‘ನನ್ನ ಅಬ್ಬಾ ಹಜ್‌ಗೆ ಹಡಗಿನಲ್ಲೇ ಹೋಗಿದ್ದರು’ ಎಂದರು. ಚನ್ನಪಟ್ಟಣದಿಂದ ರೈಲಿನಲ್ಲಿ ಹೋಗಿ, ಬೊಂಬಾಯಿಯಲ್ಲಿ ಕಾದು, ಅಲ್ಲಿಂದ ಜಿದ್ದಾಗೆ. ಆ ಹಡಗುಗಳನ್ನು ನಡೆಸುತ್ತಿದ್ದದ್ದು ಮುಖ್ಯವಾಗಿ ಮೊಘಲ್ ಲೈನ್. ಅದು 1877ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದ ಕಂಪನಿ. 1986ರಲ್ಲಿ ಭಾರತೀಯ ನೌಕಾಯಾನ ನಿಗಮದಲ್ಲಿ ವಿಲೀನವಾಯಿತು. ‘ಅಕ್ಬರ್’ ಹಡಗಿನ ಜೊತೆ 1995ರಲ್ಲಿ ಮುಂಬೈಯಿಂದ ಹಡಗಿನ ಹಜ್ ಪ್ರಯಾಣ ನಿಂತಿತು.

ವಾಣಿಜ್ಯದ ಕಣ್ಣಿನಿಂದ ನೋಡಿದರೆ ಹಜ್ ಹಡಗೂ ಸಾಲು ಪ್ರಯಾಣವನ್ನೇ ಮಾಡುತ್ತಿತ್ತು. ಆದರೆ ಅದಕ್ಕೊಂದು ಕಷ್ಟವಿತ್ತು. ಹಜ್‌ಗೆ ಮುಂಚೆ ಎಲ್ಲರೂ ಹೋಗುವವರೇ, ಬರುವವರಿಲ್ಲ. ಹಜ್ ಮುಗಿದ ಮೇಲೆ ಎಲ್ಲರೂ ಬರುವವರೇ. ಒಂದು ಕಡೆ ತುಂಬಿದ ಹಡಗು ಇನ್ನೊಂದು ಕಡೆ ಪ್ರಯಾಣಿಕರಿಲ್ಲದೆ ಓಡಬೇಕು, ಇಂಧನ ಮಾತ್ರ ಎರಡೂ ಕಡೆ ಉರಿಯುತ್ತದೆ. ಕ್ರೂಸ್ ಹಡಗಿಗೆ ಈ ಕಷ್ಟವಿಲ್ಲ. ಹೊರಟಲ್ಲಿಗೇ ಬರುವುದರಿಂದ ಹೋದವರೇ ಬರುತ್ತಾರೆ. ಖಾಲಿ ಓಟವೇ ಇಲ್ಲ.

6. ನಿಜವಾದ ಸಾಲು ಪ್ರಯಾಣಿಕರು

ಈಗ ಎರಡನೆಯ ಕಾರಣ. ನನ್ನ ಭಾಯಿಜಾನ್ ಒಂದು ವಿದೇಶಿ ಕ್ರೂಸ್ ಹಡಗಿನ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾರೆ. ಅವರ ಹಡಗು ಏಳು ರಾತ್ರಿಯ ಸುತ್ತು ಮಾಡುತ್ತದೆ. ಒಪ್ಪಂದ ಎಂಟು ತಿಂಗಳು, ಅಂದರೆ ಸುಮಾರು 34 ಸಾಲು ಪ್ರಯಾಣ. ಎರಡು ಸಾಲು ಪ್ರಯಾಣ ಮಾಡಿದವರು ಫೋಟೊ ತೆಗೆದು ಹಾಕಿಕೊಳ್ಳುತ್ತಾರೆ. 34 ಮಾಡುವವರು ಹಡಗಿನ ಕೆಳ ಅಂತಸ್ತಿನಲ್ಲಿ ಟವೆಲ್ ಮಡಿಸುತ್ತಿರುತ್ತಾರೆ. ತಿರುವಿನ ದಿನ ಪ್ರಯಾಣಿಕರಿಗೆ ರಜೆಯ ಹೊಸ ಶುರು, ಲಾಂಡ್ರಿಯವರಿಗೆ ವಾರದ ಅತಿ ಭಾರದ ದಿನ.

ಇವರಿಗೂ ಕಾನೂನು ಇದೆ. 2006ರ ಕಡಲ ಕಾರ್ಮಿಕ ಒಡಂಬಡಿಕೆ 2013ರಲ್ಲಿ ಜಾರಿಗೆ ಬಂತು. ಭಾರತ 2015ರಲ್ಲಿ ಒಪ್ಪಿತು. ವಿಶ್ರಾಂತಿಯ ಲೆಕ್ಕದಲ್ಲಿ ನೋಡುವ ಹಡಗಿನಲ್ಲಿ 24 ಗಂಟೆಗೆ ಕನಿಷ್ಠ 10 ಗಂಟೆ, ಏಳು ದಿನಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕು. 10 ಗಂಟೆಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡಬಾರದು, ಒಂದು ತುಂಡು 6 ಗಂಟೆಯಾದರೂ ಇರಬೇಕು. ಹನ್ನೆರಡು ತಿಂಗಳು ತುಂಬುವ ಮೊದಲೇ ಊರಿಗೆ ಕಳುಹಿಸಬೇಕು. ರಜೆಯನ್ನೂ ಸೇರಿಸಿ ಸಾಮಾನ್ಯವಾಗಿ ಇದನ್ನು 11 ತಿಂಗಳು ಎಂದು ಲೆಕ್ಕ ಹಾಕುತ್ತಾರೆ. ಕಳುಹಿಸುವ ಖರ್ಚು ಹಡಗಿನ ಮಾಲೀಕರದು. ಕೊರೋನಾ ಕಾಲದಲ್ಲಿ ಈ ಮಿತಿ ಮುರಿಯಿತು. 2020ರ ಕೊನೆಯಲ್ಲಿ ಸುಮಾರು 4,00,000 ನಾವಿಕರು ಒಪ್ಪಂದ ಮುಗಿದರೂ ಹಡಗುಗಳಲ್ಲೇ ಸಿಕ್ಕಿಕೊಂಡಿದ್ದರು.

ಇನ್ನೊಂದು ನಿಯಮ ನಮಗೆ ತಡವಾಗಿ ಗೊತ್ತಾಯಿತು. ಹಡಗಿನ ಕೆಲಸ ಕೊಡಿಸಲು ಅಭ್ಯರ್ಥಿಯಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಪಾಸ್‌ಪೋರ್ಟ್, ನಾವಿಕರ ಪುಸ್ತಕ, ವೈದ್ಯಕೀಯ ಪ್ರಮಾಣಪತ್ರ ಇವುಗಳ ಖರ್ಚು ಮಾತ್ರ ಅಭ್ಯರ್ಥಿಯದಾಗಬಹುದು. ಭಾರತದಲ್ಲಿ ನೇಮಕ ಮಾಡುವ ಏಜೆನ್ಸಿಗೆ ನೌಕಾಯಾನ ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್ ಪರವಾನಗಿ ಬೇಕು. ಪರವಾನಗಿ ಇರುವವರ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ನಾವು ನೋಡಲಿಲ್ಲ. ಒಬ್ಬ ಏಜೆಂಟ್ 60,000 ರೂ. ಕೇಳಿದ. ಅಮ್ಮಿ ಬಳೆಗಳನ್ನು ಅಡ ಇಟ್ಟು ಕೊಟ್ಟರು. ಒಂದು ತಿಂಗಳಲ್ಲಿ ಅವನ ಫೋನ್ ಸ್ವಿಚ್ ಆಫ್. ಆಮೇಲೆ ಪರವಾನಗಿ ಇರುವ ಏಜೆನ್ಸಿಯಿಂದ, ಕೆಲಸಕ್ಕೆ ಶುಲ್ಕವಿಲ್ಲದೆ, ಭಾಯಿಜಾನ್‌ಗೆ ಈ ಕೆಲಸ ಸಿಕ್ಕಿತು. ಅವರ ಸಂಬಳ ಇಲ್ಲಿಯವರೆಗೆ ಮನೆ ಖರ್ಚಿಗೆ, ಅಬ್ಬಾ ಅವರ ಚಿಕಿತ್ಸೆಗೆ, ನನ್ನ ಫೀಸಿಗೆ ಹೋಗಿದೆ. ಬಳೆ ಇನ್ನೂ ಅಡದಲ್ಲಿದೆ.

ಹೋದ ತಿಂಗಳು ಹಡಗಿನಲ್ಲಿ ಅವರನ್ನು ಕೇಳಿದರು: ಇನ್ನೂ ಎರಡು ತಿಂಗಳು ಇರುತ್ತೀಯಾ? ಭಾಯಿಜಾನ್ ಫೋನ್ ಮಾಡಿ, ‘ಆ ಅರವತ್ತು ಸಾವಿರ ವಾಪಸ್ ಗಳಿಸಿಕೊಂಡೇ ಬರುತ್ತೇನೆ’ ಎಂದರು. ಅಮ್ಮಿ ಫೋನ್ ಇಟ್ಟು ನನ್ನ ಕಡೆ ನೋಡಿ, ‘ನೀನು ಕಾಮರ್ಸ್ ಓದುತ್ತೀಯಲ್ಲ, ಲೆಕ್ಕ ಹಾಕು’ ಎಂದರು.

ನಾನು ಹಾಕಿದೆ. ಏಜೆಂಟ್ ತೆಗೆದುಕೊಂಡ 60,000 ಮುಳುಗಿದ ವೆಚ್ಚ. ಅವರು ಎರಡು ತಿಂಗಳು ಉಳಿದರೂ, ಹತ್ತು ವರ್ಷ ಉಳಿದರೂ ಅದು ಬರುವುದಿಲ್ಲ. ಮುಂದಿನ ನಿರ್ಧಾರದಲ್ಲಿ ಅದಕ್ಕೆ ಜಾಗವಿಲ್ಲ. ಅಡದ ಸಾಲ ಬೇರೆ ವಿಷಯ. ಅದಕ್ಕೆ ಮುಂದೆಯೂ ಬಡ್ಡಿ ಕಟ್ಟಬೇಕು, ಆದ್ದರಿಂದ ಅದು ಲೆಕ್ಕಕ್ಕೆ ಬರುತ್ತದೆ. ತಿಂಗಳಿಗೆ ಶೇ. ಒಂದೂವರೆ, ಅಂದರೆ 900 ರೂ. ಅವರು ಸಮಯಕ್ಕೆ ಸರಿಯಾಗಿ ಮನೆಗೆ ಬಂದು, ಎರಡು ತಿಂಗಳ ರಜೆ ಮುಗಿಸಿ ಮತ್ತೆ ಹೋದರೆ, ಸಾಲ ತೀರುವುದು ಸ್ವಲ್ಪ ತಡವಾಗುತ್ತದೆ. ಆ ತಡದ ಬೆಲೆ ತಿಂಗಳಿಗೆ 900. ಮನೆಯಲ್ಲಿ ಎಲ್ಲರೂ ಹೆದರಿದ್ದ ದೊಡ್ಡ ಮೊತ್ತ ಲೆಕ್ಕ ಹಾಕಿದಾಗ ಇಷ್ಟಾಯಿತು. ಇನ್ನೊಂದು ಕಡೆ ಎರಡು ತಿಂಗಳ ಸಂಬಳವಿದೆ, ಅದು ಸಣ್ಣದಲ್ಲ. ಅವರ ಬೆನ್ನು ನೋವು, ಎದುರಿಗೆ ಬರುವ ಈದ್, ನಾನಿಯ ವಯಸ್ಸು ಇವುಗಳಿಗೆ ಯಾವ ಅಂಕಿ ಬರೆಯಬೇಕೋ ನನಗೆ ತಿಳಿಯಲಿಲ್ಲ. ಹಣದ ಮಾಪನದ ಪರಿಕಲ್ಪನೆಗೆ ಮಿತಿ ಇದೆ ಎಂದು ಪುಸ್ತಕದಲ್ಲೇ ಇದೆ. ಆ ಅಂಕಣವನ್ನು ಖಾಲಿ ಬಿಟ್ಟು ಹಾಳೆಯ ಫೋಟೊ ಕಳುಹಿಸಿದೆ.

ಭಾಯಿಜಾನ್ ಎರಡು ತಿಂಗಳಿಗೆ ಒಪ್ಪಲಿಲ್ಲ. ಒಂದು ತಿಂಗಳಿಗೆ ಒಪ್ಪಿದರು. ‘ನಿನ್ನ ಲೆಕ್ಕ ಸರಿ ಇದೆ, ಆದರೆ ಬಳೆ ಅಮ್ಮಿಯದು’ ಎಂದರು. ಅಮ್ಮಿ ಈಗ ದಿನ ಎಣಿಸುವುದಿಲ್ಲ, ಟ್ರಿಪ್ ಎಣಿಸುತ್ತಾರೆ. ಇನ್ನು ನಾಲ್ಕು.

7. ನೆನಪಿಡಬೇಕಾದ ಅಂಶಗಳು

• ಸೇವೆಯನ್ನು ದಾಸ್ತಾನು ಇಡಲಾಗದು. ಖಾಲಿ ಕೋಣೆಗೆ ರಿಯಾಯಿತಿ ಕೊಡುವುದು ಲಾಭ, ತುಂಬುವ ಕೋಣೆಗೆ ಕೊಡುವುದು ನಷ್ಟ.
• ವ್ಯವಹಾರ ನಿರಂತರ, ಲೆಕ್ಕಕ್ಕೆ ಮಾತ್ರ ಅವಧಿ.
• ಎರಡು ಒಪ್ಪಂದಗಳನ್ನು ಕಾನೂನು ಒಂದೇ ವ್ಯವಹಾರ ಎಂದು ನೋಡಬಹುದು.
• ಮುಳುಗಿದ ವೆಚ್ಚ ಮುಂದಿನ ನಿರ್ಧಾರವನ್ನು ಬದಲಿಸಬಾರದು.
• ಹಡಗಿನ ಕೆಲಸಕ್ಕೆ ಹಣ ಕೇಳುವವರನ್ನು ನಂಬಬೇಡಿ. ಮೊದಲು ಪರವಾನಗಿ ಸಂಖ್ಯೆ ಕೇಳಿ, ಪಟ್ಟಿಯಲ್ಲಿ ನೋಡಿ.

8. ಅಭ್ಯಾಸ

(1) ಮೇಲಿನ ಲೆಕ್ಕದಲ್ಲಿ ಇಂಧನದ ಬೆಲೆ ಏರಿ ಸ್ಥಿರ ವೆಚ್ಚ 4,32,00,000 ರೂ. ಆದರೆ ಸಮತೂಕ ಬಿಂದು ಎಷ್ಟು ಕೋಣೆ?

(2) ಚನ್ನಪಟ್ಟಣದ ಗೊಂಬೆ ಅಂಗಡಿ, ರಾಮನಗರದ ಗೂಡಿನ ರೈತ, ಮಾಗಡಿಗೆ ಹೋಗುವ ಬಸ್ಸು: ಈ ಮೂವರಲ್ಲಿ ಕೊನೆಯ ಗಳಿಗೆಯ ರಿಯಾಯಿತಿ ಯಾರಿಗೆ ಲಾಭ? ಕಾರಣ ಕೊಡಿ.

(3) ನಿಮ್ಮ ಮನೆಯವರು ‘ಇಷ್ಟು ಖರ್ಚು ಮಾಡಿಬಿಟ್ಟಿದ್ದೇವೆ, ಈಗ ಬಿಡಲಾಗದು’ ಎಂದು ಮುಂದುವರಿಸಿದ ಒಂದು ಕೆಲಸವನ್ನು ನೆನಪಿಸಿಕೊಳ್ಳಿ. ಅದರಲ್ಲಿ ಮುಳುಗಿದ ವೆಚ್ಚ ಯಾವುದು, ಮುಂದೆಯೂ ಆಗುವ ವೆಚ್ಚ ಯಾವುದು, ಬೇರೆ ಮಾಡಿ ಬರೆಯಿರಿ.

ಮೊದಲ ಪ್ರಶ್ನೆಯ ಉತ್ತರ: 960 ಕೋಣೆ. ಮೂರನೆಯದನ್ನು ಮನೆಯಲ್ಲಿ ಕೇಳಿಯೇ ಬರೆಯಬೇಕು.